ಪಂಕ್ರಾಸ್ ಏಪ್ರಿಲ್‌ನಲ್ಲೇ ಬಂದ

ಸ್ತ್ರಾನೆ, ಏಪ್ರಿಲ್ 7

ಘನತೆವೆತ್ತ ಜೋಫ್ಕಾ ಅತ್ತೆಯವರ ಸನ್ನಿಧಾನಕ್ಕೆ,

ತಮ್ಮ ಐರಿಸ್ ತೋಟದ ಹಂಗಾಮಿ ಆಡಳಿತಾಧಿಕಾರಿಯೂ, ಕೃಷಿ ಕಾಲೇಜಿನ ಪರೀಕ್ಷೆಯಲ್ಲಿ ತಾತ್ಕಾಲಿಕವಾಗಿ ನಪಾಸಾದವನೂ, ತಮ್ಮ ಸ್ವಂತ ತಮ್ಮನ ಮಗನೂ ಆದ ಗಾಶ್ಪರ್ ಮಾಡುವ ಅರಿಕೆ ಏನೆಂದರೆ: ತಾವು ಹೊಸ ಸೊಂಟದ ಕೀಲು ಹಾಕಿಸಿಕೊಂಡು ಬಿಸಿನೀರಿನ ಚಿಕಿತ್ಸಾಲಯದಲ್ಲಿ ವಿರಾಜಮಾನರಾಗಿರುವ ಈ ದಿನಗಳಲ್ಲಿ ತೋಟದ ಕಾನೂನು ಸುವ್ಯವಸ್ಥೆಗೆ ಯಾವ ಭಂಗವೂ ಬಂದಿಲ್ಲ. ಬಸವನಹುಳುಗಳನ್ನು ದಿನಾ ಬೆಳಗ್ಗೆ ಗಡೀಪಾರು ಮಾಡಲಾಗುತ್ತಿದೆ. ಗಡಿಯಾಚೆ ಇರುವುದು ಪಕ್ಕದ ಮನೆ ಕೋಬೆಯ ಸೊಪ್ಪಿನ ಮಡಿ. ಅಲ್ಲಿ ಅವುಗಳಿಗೆ ಒಳ್ಳೆಯ ಸ್ವಾಗತ ಸಿಗುತ್ತಿದೆ ಎಂದು ವರದಿಯಾಗಿದೆ.

ಒಂದೇ ಒಂದು ಕಳವಳ. ಇಲ್ಲಿ ಬಿಸಿಲಿಗೆ ತಲೆ ಕೆಟ್ಟಿದೆ. ಕೋಬೆ ಬನಿಯನ್ನಿನಲ್ಲೇ ದ್ರಾಕ್ಷಿ ಬಳ್ಳಿ ಕಟ್ಟುತ್ತಿದ್ದಾನೆ; ಆ ದೃಶ್ಯವನ್ನು ವರ್ಣಿಸಿ ತಮ್ಮ ಗುಣವಾಗುವಿಕೆಗೆ ಅಡ್ಡಿಪಡಿಸಲಾರೆ. ಗೋಡೆ ಬುಡದ ಕುಳ್ಳ ಐರಿಸ್‌ಗಳು ಆಗಲೇ ಹೂ ಬಿಟ್ಟು ಮುಗಿಸುವ ಹಂತಕ್ಕೆ ಬಂದಿವೆ. ಇನ್ನು ತಾವೇ ಹೊಸದಾಗಿ ಸೃಷ್ಟಿಸಿ, ಹೆಸರಿಡದೆ ಬರೀ ನಂಬರಿನಿಂದ ಕರೆಯುವ ಆ ನಲವತ್ತೊಂದು. ಅದರ ಮೂರೂ ಎಲೆ ಬೀಸಣಿಗೆಗಳು ಬುಡದಲ್ಲಿ ಉಬ್ಬಿವೆ. ಒಳಗೆ ಹೂದಂಟು ಎದ್ದಿದೆ. ಅಭಿನಂದಿಸಲೇ, ಸಂತಾಪ ಸೂಚಿಸಲೇ?

ಆಜ್ಞಾಧಾರಕ,
ಗಾಶ್ಪರ್


ಚಿಕಿತ್ಸಾಲಯ, ಏಪ್ರಿಲ್ 11

ಗಾಶ್ಪರ್,

ಸಂತಾಪ ನಿನ್ನ ತಲೆಗೆ ಸೂಚಿಸು. ಏಪ್ರಿಲ್ ಏಳಕ್ಕೆ ಬುಡ ಉಬ್ಬಿದರೆ ಮೇ ಮೊದಲ ವಾರವೇ ಹೂ ಬಂದು ಮುಗಿಯುತ್ತೆ. ಐರಿಸ್ ಸಂಘದ ಸಮಿತಿಯವರು ಬರುವುದು ಹದಿನೈದಕ್ಕೆ. ಎರಡು ವರ್ಷದ ಕೆಳಗೆ ಹೀಗೇ ಆಯಿತು: ಅವರು ಬಂದಾಗ ದಂಟಿನ ಮೇಲೆ ಒದ್ದೆ ಚಿಂದಿಯಂಥದ್ದು ನೇತಾಡುತ್ತಿತ್ತು. ಹೋದ ವರ್ಷ ಹಿಮ ಹೊಡೆಯಿತು. ಒಂದು ಗಿಡಕ್ಕೆ ಅವರು ಮೂರು ಸಲಕ್ಕಿಂತ ಹೆಚ್ಚು ಬರುವುದಿಲ್ಲ, ಇದು ಮೂರನೆಯದು. ಸಂಘದ ನಿಯಮ ಅದು: ಹೊಸ ಐರಿಸ್ ಅನ್ನು ಪಟ್ಟಿಗೆ ಸೇರಿಸಬೇಕಾದರೆ ಅದು ಬೆಳೆಸಿದವಳ ಸ್ವಂತ ಮಣ್ಣಿನಲ್ಲಿ, ಅವರ ಕಣ್ಣೆದುರು ಅರಳಿ ನಿಂತಿರಬೇಕು.

ನಿನಗೆ ಗೊತ್ತಿರಲಿ, ನಿನ್ನ ಅಪ್ಪ ಭಾನುವಾರ ಇಲ್ಲಿಗೆ ಬಂದಿದ್ದ. ಪಟ್ಟಣದಲ್ಲಿ ಲಿಫ್ಟ್ ಇರುವ ಮನೆ ನೋಡಿದ್ದಾನಂತೆ. 'ಅಕ್ಕ, ನಿನ್ನ ಮನೆಗೆ ಹೋಗೋ ಆ ಗುಡ್ಡದ ಏರು ಹತ್ತೋಕೆ ನಿನ್ನ ಕೈಲಾಗಲ್ಲ' ಅಂದ. ನಾನಂದೆ: ನಲವತ್ತೊಂದು ಈ ವರ್ಷ ಪಟ್ಟಿ ಸೇರಿದರೆ ನಾನು ಏರು ಹತ್ತಿ ನನ್ನ ಮನೆಗೆ ಹೋಗುತ್ತೇನೆ, ತೆವಳಿಕೊಂಡಾದರೂ. ಸೇರದಿದ್ದರೆ ಬೀಗದ ಕೈ ನಿನಗೇ. ಅಲ್ಲಿಗೆ ಮಾತು ಮುಗಿಯಿತು.

ಆದ್ದರಿಂದ ಅದನ್ನು ತಡೆದು ಹಿಡಿ. ಮಧ್ಯಾಹ್ನ ಮರದ ಕೊಂಬೆ ನೆಟ್ಟು ನೆರಳು ಮಾಡು. ಬೆಳಗ್ಗೆ ಬಾವಿಯ ತಣ್ಣೀರು ಸುತ್ತಲಿನ ಮಣ್ಣಿಗೆ ಹಾಕು, ಗೆಡ್ಡೆಯ ಮೇಲೆ ಬೇಡ. ಟೆಲಿಫೋನ್ ಮಾಡಬೇಡ. ಪೋಸ್ಟಾಫೀಸಿನ ಕೌಂಟರಿನಲ್ಲಿ ಆಯುಷ್ಯ ಕಳೆದವಳು ನಾನು; ಫೋನಿನಲ್ಲಿ ಹೇಳಿದ್ದನ್ನು ನೀನು ಆಮೇಲೆ 'ಕೇಳಿಸಲೇ ಇಲ್ಲ' ಅನ್ನುತ್ತೀ.

ಹುಳುಗಳನ್ನು ಕೋಬೆಯ ಕಡೆ ಎಸೆಯುವುದು ನಿಲ್ಲಿಸು. ಅಥವಾ ಅವನಿಗೆ ಕಾಣದ ಹಾಗೆ ಎಸೆ.

ಜೋಫ್ಕಾ ಅತ್ತೆ


ಸ್ತ್ರಾನೆ, ಏಪ್ರಿಲ್ 17

ಪರಮಪೂಜ್ಯ ಅತ್ತೆಯವರಿಗೆ,

'ತಡೆದು ಹಿಡಿ' ಎಂಬ ತಮ್ಮ ಆಜ್ಞಾಪತ್ರ ನನ್ನ ಕೈ ಸೇರುವಷ್ಟರಲ್ಲಿ ಬಿಸಿಲು ಹೊರಟುಹೋಗಿ ಜಡಿಮಳೆ ಶುರುವಾಗಿತ್ತು. ಆದರೂ ಆಜ್ಞೆ ಆಜ್ಞೆಯೇ. ಸುರಿಯುವ ಮಳೆಯಲ್ಲಿ ನಾನು ಐರಿಸ್‌ಗೆ ನೆರಳು ಮಾಡಿದೆ. ಕೋಬೆ ಬೇಲಿಗೆ ಒರಗಿಕೊಂಡು ನೋಡುತ್ತಿದ್ದ.

"ಏನೋ ಮಾಡ್ತಿದೀಯ?"

"ನೆರಳು."

"ಯಾವ ಬಿಸಿಲಿಗೆ?"

ಆಡಳಿತ ಇನ್ನೊಂದು ಕೊಂಬೆ ನೆಟ್ಟಿತು.

ಅತ್ತೆ, ತಾವು ಅಲ್ಲಿಂದ ಹವಾಮಾನಕ್ಕೆ ಆಜ್ಞೆ ಬರೆಯುತ್ತೀರಿ. ಅಂಚೆಯವನು ಆರಾಮಾಗಿ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ಹವಾಮಾನ ಬೇರೆ ಊರಿಗೆ ವರ್ಗವಾಗಿರುತ್ತದೆ. ದಯವಿಟ್ಟು ಇನ್ನು ಮುಂದೆ ಬರುವ ವಾರದ ಬೈಗುಳವನ್ನು ಈ ವಾರವೇ ಕಳಿಸಿ.

ಹಾಗೆಯೇ ಒಂದು ಪ್ರಾರ್ಥನೆ. ಮಳೆ ನಿಂತು ಆಕಾಶ ತಿಳಿಯಾದರೆ ಚಳಿ ಬೀಳುತ್ತೆ ಅಂತ ರೇಡಿಯೋದವರು ಗೊಣಗುತ್ತಿದ್ದಾರೆ. ಅಟ್ಟದಲ್ಲಿರುವ ಬಾತುಗರಿಯ ಹಾಸಿಗೆಗಳನ್ನು ಇಳಿಸಿ ಸಿದ್ಧವಾಗಿಟ್ಟುಕೊಳ್ಳಲೇ?

ಒದ್ದೆಯಾಗಿರುವ,
ಗಾಶ್ಪರ್


ಚಿಕಿತ್ಸಾಲಯ, ಏಪ್ರಿಲ್ 21

ಗಾಶ್ಪರ್,

ಕೂಡದು. ಅಟ್ಟದ ಹತ್ತಿರ ಸುಳಿಯಬೇಡ.

ಕೃಷಿ ಕಾಲೇಜಿನಲ್ಲಿ ಕಲಿಸುವುದಿಲ್ಲ ಅಂತ ಕಾಣುತ್ತೆ, ನಾನೇ ಹೇಳುತ್ತೇನೆ. ಹಿಮದ ಸಂತರು ಮೂವರು: ಪಂಕ್ರಾಸ್, ಸೆರ್ವಾಸ್, ಬೋನಿಫಾಸ್. ಹಿಮ ಬೀಳುವುದು ಅವರ ಹಬ್ಬದ ದಿನಗಳಲ್ಲಿ: ಮೇ ಹನ್ನೆರಡು, ಹದಿಮೂರು, ಹದಿನಾಲ್ಕು. ಅವರ ಹಿಂದೆ ಹದಿನೈದಕ್ಕೆ ಉಚ್ಚೆ ಹೊಯ್ಯುವ ಸಂತ ಜೋಫ್ಕಾ ಮಳೆ ತರುತ್ತಾಳೆ. ಅವತ್ತು ನನ್ನ ಹೆಸರಿನ ಹಬ್ಬ. ಶಾಲೆಗೆ ಹೋಗುವಾಗಿನಿಂದ ಇಡೀ ಊರು ನನ್ನನ್ನು ಹಾಗೆ ಕರೆದೇ ನಕ್ಕಿದೆ, ಹಾಗಾಗಿ ತಾರೀಕು ನನಗೆ ಮರೆಯುವುದಿಲ್ಲ. ಹಾಸಿಗೆ ಹೊದಿಸುವುದು ಪಂಕ್ರಾಸ್‌ನ ಹಿಂದಿನ ಸಂಜೆ. ನನ್ನ ಅಮ್ಮ ಹಾಗೇ ಮಾಡುತ್ತಿದ್ದಳು, ನಾನೂ ಹಾಗೇ ಮಾಡಿದ್ದೇನೆ. ಅದಕ್ಕೆ ಮೊದಲು ಹೊದಿಸಿದರೆ ಒಳಗೆ ಬೆವರಿ, ಬುಡ ಕೊಳೆತು, ಮೂಗು ಮುಚ್ಚಿಕೊಳ್ಳುವಂಥ ನಾತ ಬರುತ್ತೆ.

ರೇಡಿಯೋದವರು ನನಗೆ ಹೇಳಿಕೊಡುವುದು ಬೇಡ. ಹೋದ ವರ್ಷ ಕೂಡ ಹಿಮ ಹೊಡೆದದ್ದು ಸೆರ್ವಾಸ್‌ನ ದಿನವೇ. ಹೊದಿಸೋಣ ಅಂದರೆ ಸೊಂಟ ಏಳಲು ಬಿಡಲಿಲ್ಲ.

ಜೋಫ್ಕಾ ಅತ್ತೆ


ಸ್ತ್ರಾನೆ, ಏಪ್ರಿಲ್ 26

ಅತ್ತೆ,

ಪಂಕ್ರಾಸ್ ಇವತ್ತೇ ಬಂದ. ರಜೆ ರದ್ದು ಮಾಡಿಕೊಂಡು, ಸಮವಸ್ತ್ರ ಕೂಡ ಹಾಕದೆ.

ನಿನ್ನೆ ಸಂಜೆ ಗಾಳಿ ನಿಂತಿತು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ತಮ್ಮ 'ಕೂಡದು' ಎಂಬ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಕೋಬೆಯ ಹತ್ತಿರ ಹೋದೆ. "ನಿನ್ನ ಬಳ್ಳಿಗೆ ಹೊಗೆ ಹಾಕು ಮಾವ, ಹಿಮ ಬೀಳುತ್ತೆ" ಅಂದೆ.

"ಇವತ್ತು ಯಾವ ಸಂತ?"

"ಮಾರ್ಕ್."

"ಮಾರ್ಕ್ ಹಿಮದ ಖಾತೆ ನೋಡ್ಕೊಳ್ಳಲ್ಲ. ಹೋಗಿ ಮಲಕ್ಕೋ."

"ಹಾಗಾದ್ರೆ ನಿನ್ನ ಬ್ರಾಂದಿ ಕಾಯಿಸೋ ತಾಮ್ರದ ಕಡಾಯಿ ಕೊಡು."

"ಕಡಾಯಿನ ನನ್ನ ಹೆಂಡತೀಗೂ ಕೊಟ್ಟಿಲ್ಲ."

ಕೇಳಿದರೆ ಕೊಡುವುದಿಲ್ಲ ಎಂದು ಸ್ಪಷ್ಟವಾದ ಮೇಲೆ ಕೇಳದೆ ತರುವುದೊಂದೇ ದಾರಿ ಉಳಿಯಿತು. ನಲವತ್ತೊಂದರ ಮೇಲೆ ಕಡಾಯಿ ಬೋರಲು ಹಾಕಿದೆ. ಅದರ ಮೇಲೆ ತಮ್ಮ ಬಾತುಗರಿಯ ಹಾಸಿಗೆ. ಅದರ ಮೇಲೆ ಇನ್ನೊಂದು ಹಾಸಿಗೆ. ಅದು ಜಾರದಿರಲಿ ಎಂದು ತಮ್ಮ ಚಳಿಗಾಲದ ಹಸಿರು ಕೋಟನ್ನು ಗುಂಡಿ ಹಾಕಿ ಕಟ್ಟಿದೆ. ದೂರದಿಂದ ನೋಡಿದರೆ ತಾವೇ ತೋಟದಲ್ಲಿ ಕೂತ ಹಾಗಿತ್ತು. ನಾನು ನಮಸ್ಕಾರ ಮಾಡಿಯೇ ಒಳಗೆ ಹೋದದ್ದು.

ಬೆಳಗ್ಗೆ ಎದ್ದರೆ ಹುಲ್ಲು ಕಾಲಡಿ ಮುರಿಯುತ್ತಿತ್ತು. ಐರಿಸ್ ಎಲೆಗಳು ಗಾಜಿನ ಹಾಗೆ ನಿಂತಿದ್ದವು. ಬಿಸಿಲು ಬಿದ್ದ ಮೇಲೆ ಒಂದೊಂದಾಗಿ ಬಾಗಿದವು. ಕೋಬೆಯ ಬಳ್ಳಿಯ ಚಿಗುರೆಲ್ಲ ಮಧ್ಯಾಹ್ನದ ಹೊತ್ತಿಗೆ ಕಪ್ಪು. ಅವನು ಬಂದು ಹಾಸಿಗೆಯಡಿ ಇಣುಕುತ್ತಿದ್ದ ತನ್ನ ಕಡಾಯಿಯ ಅಂಚನ್ನು ನೋಡಿದ. ಬೈಯುತ್ತಾನೆ ಅಂತ ಕಾದೆ. ಕೋಟಿನ ಕಾಲರ್ ಸರಿ ಮಾಡಿ ಹೊರಟುಹೋದ. ಅತ್ತೆ, ಅವನು ಬೈದಿದ್ದರೆ ಚೆನ್ನಾಗಿತ್ತು.

ಕಡಾಯಿ ಇನ್ನೂ ಎತ್ತಿಲ್ಲ. ಧೈರ್ಯ ಇಲ್ಲ.

ಗಾಶ್ಪರ್


ಚಿಕಿತ್ಸಾಲಯ, ಏಪ್ರಿಲ್ 29

ಗಾಶ್ಪರ್,

ಎತ್ತು! ಈ ಕಾಗದ ಓದುವ ಮೊದಲೇ ಎತ್ತಿರಬೇಕಾಗಿತ್ತು! ಬಿಸಿಲಿಗೆ ತಾಮ್ರ ಕಾದು ಒಳಗೆ ಬೆಂದುಹೋಗುತ್ತೆ ಕತ್ತೆ!

ಎತ್ತಿದ ಮೇಲೆ ದಂಟಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡು. ಗಟ್ಟಿ ಇದ್ದರೆ ಬದುಕಿದೆ. ಬೆಂದ ಈರುಳ್ಳಿಯ ಹಾಗಿದ್ದರೆ ಸತ್ತಿದೆ. ಸತ್ತದ್ದನ್ನು ಬುಡಮಟ್ಟ ಕತ್ತರಿಸು, ಕೊಳೆತದ್ದನ್ನು ಚಮಚದಲ್ಲಿ ಕೆರೆ, ಬೂದಿ ಉದುರಿಸು. ಉಳಿದ ಗಿಡಗಳಲ್ಲಿ ಅವಸರ ಮಾಡಿ ಕತ್ತರಿಸಬೇಡ. ತಡವಾಗಿ ಹೂ ಬಿಡುವ ಜಾತಿಗಳ ದಂಟು ಇನ್ನೂ ಮಣ್ಣಿನ ಹತ್ತಿರವೇ ಇರುತ್ತೆ, ಅವು ಎಲೆ ಬೆಳ್ಳಗಾದರೂ ಹೂ ಕೊಡುತ್ತವೆ.

ಆ ಹಾಸಿಗೆಗಳು ನನ್ನ ಅಜ್ಜಿಯವು. ಕೋಟಿನ ವಿಷಯ ಈಗ ಮಾತಾಡುವುದಿಲ್ಲ, ನರ್ಸ್ ರಕ್ತದೊತ್ತಡ ನೋಡಲು ಬರುತ್ತಾಳೆ.

ಹಾಸಿಗೆ ಹೊದಿಸಬೇಡ ಅಂದದ್ದು ನಾನೇ ಅಂತ ನನಗೆ ನೆನಪಿದೆ. ನೀನು ನೆನಪಿಸಬೇಕಾಗಿಲ್ಲ.

ಜೋಫ್ಕಾ ಅತ್ತೆ

ಕೋಬೆಯ ಬಳ್ಳಿ ಎಲ್ಲವೂ ಹೋಯಿತಾ?


ಸ್ತ್ರಾನೆ, ಮೇ 7

ಅತ್ತೆಯವರಿಗೆ,

ಕಡಾಯಿಯನ್ನು ಅವತ್ತೇ ಸಂಜೆ ಎತ್ತಿದ್ದೆ, ತಮ್ಮ ಕಾಗದ ಬರುವುದಕ್ಕಿಂತ ಎಷ್ಟೋ ಮುಂಚೆ. ತಮ್ಮ ಭಾಷೆಯಲ್ಲಿ ಹೇಳುವುದಾದರೆ: ಒಂದು ಬೆಂದ ಈರುಳ್ಳಿ, ಎರಡು ಗಟ್ಟಿ. ಈರುಳ್ಳಿಯ ಅಂತ್ಯಕ್ರಿಯೆ ಚಮಚ ಮತ್ತು ಬೂದಿಯೊಂದಿಗೆ ಸಕಲ ಗೌರವಗಳಿಂದ ನಡೆಯಿತು. ಗಟ್ಟಿಯಾದ ಎರಡರಲ್ಲಿ ಒಂದು ಮಂಡಿಯೆತ್ತರಕ್ಕೇ ಮುನಿಸಿಕೊಂಡು ನಿಂತಿದೆ, ಮೊಗ್ಗು ಎಲೆಯೊಳಗೇ ಸಿಕ್ಕಿಕೊಂಡು ಒಣಗುತ್ತಿದೆ. ಉಳಿದದ್ದು ಒಂದು. ಅದು ನೆಟ್ಟಗಿದೆ. ಮೊಗ್ಗು ನಾಲ್ಕು.

ತೋಟದ ಉಳಿದ ಕಡೆ ನೋಡಬೇಡಿ. ಅಂದರೆ ತಾವು ನೋಡುತ್ತಿಲ್ಲ, ನಾನೇ ನೋಡುತ್ತಿದ್ದೇನೆ. ಬೇಗ ಹೂ ಬಿಡುವವೆಲ್ಲ ಹೋದವು. ಮೇಲಿನ ಸಾಲಿನ ಸೋಮಾರಿಗಳು ಮಾತ್ರ ಏನೂ ಆಗದವರ ಹಾಗೆ ಈಗ ಮೆಲ್ಲಗೆ ಮೈಮುರಿಯುತ್ತಿವೆ. ಪರೀಕ್ಷೆಯಲ್ಲಿ ಹಿಂದುಳಿದವನೊಬ್ಬನಿಗೆ ಇದರಿಂದ ಎಷ್ಟು ಸಮಾಧಾನ ಸಿಕ್ಕಿತು ಎಂದು ಹೇಳತೀರದು.

ಕೋಬೆಯದು ಮುಕ್ಕಾಲು ಹೋಯಿತು. ದಿನಾ ಬಂದು ನಲವತ್ತೊಂದನ್ನು ನೋಡಿ ಹೋಗುತ್ತಾನೆ. "ಇದಾದ್ರೂ ಬರ್ಲಿ" ಅನ್ನುತ್ತಾನೆ. ಅಪ್ಪ ಕೂಡ ಬಂದಿದ್ದರು. ತೋಟ ನೋಡಲಿಲ್ಲ. ಪಟ್ಟಣದ ಮನೆಗೆ ಹಿಡಿಸುತ್ತದೋ ಎಂದು ಟೇಪು ಹಿಡಿದು ಇಲ್ಲಿನ ಅಡುಗೆಮನೆಯ ಬೀರು ಅಳೆದರು.

ಈಗ ಚಳಿ. ಮೊಗ್ಗು ಅಲುಗುತ್ತಿಲ್ಲ. ತಡೆ ಎಂದಿರಿ, ತಡೆದೆ. ಈಗ ಓಡಿಸುವುದು ಹೇಗೆ?

ಗಾಶ್ಪರ್


ಚಿಕಿತ್ಸಾಲಯ, ಮೇ 10

ಗಾಶ್ಪರ್,

ಉತ್ತರದ ಕಡೆ ಸುಣ್ಣ ಬಳಿದ ಹಲಗೆ ನಿಲ್ಲಿಸು, ಬಿಸಿಲು ತಿರುಗಿ ಗಿಡಕ್ಕೆ ಬೀಳಲಿ. ಸಂಜೆ ಕಲ್ಲು ಕಾಯಿಸಿ ಸುತ್ತ ಇಡು, ತಾಗಿಸಬೇಡ. ಹಾಸಿಗೆ ಹೊದಿಸು. ಕೋಟನ್ನೂ ಹಾಕು, ಹಾಳಾಗಿ ಹೋಗಲಿ.

ಈಗ ಮುಖ್ಯವಾದ ಮಾತು. ಮೊಗ್ಗು ಅರಳದಿದ್ದರೆ ನೀನು ಬೇರೆ ಗಿಡದ ಹೂ ತಂದು ದಂಟಿಗೆ ಕಟ್ಟುತ್ತೀ. ಇಲ್ಲ ಅನ್ನಬೇಡ. ಹೋದ ವರ್ಷ ಪ್ರದರ್ಶನದಲ್ಲಿ ನೀನು ಬಣ್ಣದ ಕಾಗದದ ಐರಿಸ್ ಇಟ್ಟೆ. ಇಂಜಿನಿಯರ್ ಪಾವ್ಲಿನ್ ಅದರ ಸುವಾಸನೆಯ ಬಗ್ಗೆ ಭಾಷಣ ಮಾಡಿದರು. ಅವರೇ ಸಮಿತಿಯ ಮುಖ್ಯಸ್ಥರು. ನನ್ನ ಹೂ ಬಾರದಿದ್ದರೆ ಬಾರದು. ಸುಳ್ಳು ಹೂವಿನ ಮೇಲೆ ನಾನು ಆ ಏರು ಹತ್ತುವುದಿಲ್ಲ.

ಅವರಿಗೆ ಕಾಫಿ ಕೊಡು, ವಾಲ್‌ನಟ್ ರೊಟ್ಟಿ ಅಂತ ಏನೋ ನೀನೇ ಬೇಯಿಸಿದ್ದನ್ನು ಕೊಡಬೇಡ. ಬೇಕರಿಯಿಂದ ವಾಲ್‌ನಟ್ ತುಂಬಿದ ಸಿಹಿ ಸುರುಳಿ ತಾ.

ಜೋಫ್ಕಾ ಅತ್ತೆ


ಸ್ತ್ರಾನೆ, ಮೇ 15

ಅತ್ತೆ, ನಿಮ್ಮ ಹೆಸರಿನ ಹಬ್ಬಕ್ಕೆ ಶುಭಾಶಯ. ಹೇಳಿಕೆಯಂತೆ ಮಳೆಯೂ ಬಂತು.

ಹೂ ಬಂತು. ಮೊದಲು ಅದನ್ನು ಓದಿಕೊಳ್ಳಿ. ಬೆಳಗ್ಗೆ ಕೋಬೆ ಕಿಟಕಿ ಬಡಿದು "ಏಳೋ, ಬಾಯಿ ಬಿಟ್ಟಿದೆ" ಅಂತ ಕೂಗಿದ. ಇಬ್ಬರೂ ಚಡ್ಡಿಯಲ್ಲೇ ಕೊಡೆ ಹಿಡಿದು ನಿಂತೆವು. ಮೇಲಿನ ಎಸಳು ತುಕ್ಕಿನ ಬಣ್ಣ, ಕೆಳಗಿನವು ಮಳೆಮೋಡದ ನೀಲಿ, ಅವುಗಳ ಮೇಲಿನ ಗಡ್ಡದಂಥ ಕೂದಲು ಮೊಟ್ಟೆಯ ಹಳದಿ. ನೀವು ಹೇಳುತ್ತಿದ್ದ ಹಾಗೇ. ಆದರೆ ಕೆಳಗಿನ ಎಸಳು ಮೂರಿರಬೇಕಲ್ಲ? ನಾಲ್ಕಿತ್ತು. ಮೊಗ್ಗಿನಲ್ಲಿದ್ದಾಗ ಹಿಮ ತಗುಲಿದರೆ ಹಾಗಾಗುತ್ತೆ ಅಂತ ಕಾಲೇಜಿನ ಪುಸ್ತಕದಲ್ಲಿದೆ. ನನಗೆ ನೆನಪಿದ್ದ ಒಂದೇ ಪುಟ ಅದು.

ಸಮಿತಿ ಬಂತು. ಇಂಜಿನಿಯರ್ ಪಾವ್ಲಿನ್ ಮೊದಲು ನನ್ನನ್ನು ನೋಡಿದರು. ಆಮೇಲೆ ಹೂವನ್ನು. ಎಸಳು ಎಣಿಸಿದರು. ಮತ್ತೆ ನನ್ನನ್ನು ನೋಡಿದರು.

"ನಾಲ್ಕು" ಅಂದರು.

"ಹಿಮದಿಂದ ಸ್ವಾಮಿ. ಪುಸ್ತಕದಲ್ಲಿದೆ."

"ಹೋದ ವರ್ಷದ್ದೂ ಪುಸ್ತಕದಲ್ಲಿತ್ತೇನಪ್ಪ?"

"ಇದು ನಿಜವಾದ ಹೂ! ಕೋಬೆ ಮಾವ, ಹೇಳು!"

ಕೋಬೆ ತನ್ನ ಟೋಪಿ ತೆಗೆದು ಎದೆಗೆ ಹಿಡಿದು, "ದೇವರಾಣೆ ನಿಜ" ಅಂದ. ಅವನು ಆಣೆ ಮಾಡುವುದು ನೋಡಿದರೆ ನನಗೇ ಅನುಮಾನ ಬರುವ ಹಾಗಿತ್ತು. ನಾನು ಜೀವನದಲ್ಲಿ ಮೊದಲ ಸಲ ಅಷ್ಟು ಗಂಭೀರವಾಗಿ ಸತ್ಯ ಹೇಳುತ್ತಿದ್ದೆ ಅತ್ತೆ, ನನ್ನ ಮುಖಕ್ಕೆ ಅದರ ಅಭ್ಯಾಸ ಇರಲಿಲ್ಲ.

ಪಾವ್ಲಿನ್ ಬಗ್ಗಿದರು. ದಾರ ಹುಡುಕಿದರು, ಅಂಟು ಹುಡುಕಿದರು. ಏನೂ ಸಿಗದೆ, ಹೂವನ್ನು ಹಿಡಿದು ಎಳೆದರು.

ದಂಟು ಅರ್ಧಕ್ಕೆ ಲಟಕ್ ಅಂತ ಮುರಿಯಿತು. ಕೈಯಲ್ಲಿ ರಸ ಸೋರುತ್ತಿತ್ತು. ಆ ಮನುಷ್ಯನ ಮುಖ ನೋಡಬೇಕಿತ್ತು. ಇಲ್ಲ, ನೋಡಬಾರದಿತ್ತು. "ಕ್ಷಮಿಸಿ, ಕ್ಷಮಿಸಿ" ಅಂದರು, ಹೂವಿಗೆ. ಆದರೆ ನಾಲ್ಕೆಸಳಿನ ಹೂವನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲವಂತೆ, ಮೂರೆಸಳಿನದು ನಿಂತಿರಬೇಕು. ಮುರಿದದ್ದು ತಮ್ಮ ತಪ್ಪು, ಹಾಗಾಗಿ ಈ ಭೇಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನ ವರ್ಷ ಬರುತ್ತೇವೆ ಅಂದರು. ಸುರುಳಿ ಮುಟ್ಟಲಿಲ್ಲ.

ಮುರಿದ ದಂಟಿನಲ್ಲಿ ಇನ್ನೂ ಮೊಗ್ಗುಗಳಿವೆ. ಬ್ರಾಂದಿ ಬಾಟಲಿಯಲ್ಲಿ ನೀರು ಹಾಕಿ, ಕಾಗದ ಸುತ್ತಿ, ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವನ್ನೂ ಅವನಿಗೇ ಕೊಡುತ್ತೇನೆ, ಅಂಚೆ ಬೇಡ.

ನಾನು ಏನನ್ನೂ ಕಟ್ಟಿರಲಿಲ್ಲ. ಮೂರು ವರ್ಷ ಕಾದಿರಿ. ಕೊನೆಗೆ ಅದು ಮುರಿದದ್ದು ನಾನು ನಾನಾಗಿದ್ದಕ್ಕೆ.

ಗಾಶ್ಪರ್


ಚಿಕಿತ್ಸಾಲಯ, ಮೇ 19

ಗಾಶ್ಪರ್,

ಬಾಟಲಿ ಬಂತು. ಬ್ರಾಂದಿ ವಾಸನೆಗೆ ನರ್ಸ್ ನನ್ನ ಬಾಯಿ ಮೂಸಿ ನೋಡಿದಳು.

ಎರಡನೆಯ ಮೊಗ್ಗು ನಿನ್ನೆ ಕಿಟಕಿಯಲ್ಲಿ ಅರಳಿತು. ಕೆಳಗಿನ ಎಸಳು ಮೂರೇ. ಸರಿಯಾಗಿದೆ. ಪಕ್ಕದ ಹಾಸಿಗೆಯ ಮುದುಕಿ ಇದು ಮಾರಾಟಕ್ಕಾ ಅಂತ ಕೇಳಿದಳು.

ಪಾವ್ಲಿನ್ ಮೇಲೆ ನನಗೆ ಕೋಪ ಇಲ್ಲ, ನಾನಾಗಿದ್ದರೂ ಎಳೆಯುತ್ತಿದ್ದೆ. ನಿನ್ನ ಮೇಲೂ ಇಲ್ಲ. ಆದರೆ ಮುಂದಿನ ವರ್ಷ ಅನ್ನುವುದು ಹೇಳುವವರಿಗೆ ಸುಲಭ. ಇಲ್ಲಿ ಮೆಟ್ಟಿಲು ಅಭ್ಯಾಸ ಮಾಡಿಸುತ್ತಾರೆ. ಅದರ ವಿಷಯ ಬರೆಯುವುದಿಲ್ಲ.

ಕೊಟ್ಟ ಮಾತು ಕೊಟ್ಟ ಮಾತೇ. ಬೀಗದ ಕೈಯನ್ನು ನಿನ್ನ ಅಪ್ಪನಿಗೆ ಕೊಡು. ಜುಲೈನಲ್ಲಿ ಮಣ್ಣು ಒಣಗಿದಾಗ ನಲವತ್ತೊಂದನ್ನು ಅಗೆದು, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಬೇಕಾದವರಿಗೆ ಹಂಚು. ಕೋಬೆಗೆ ಒಂದು ಕೊಡು. ಹೇಗೆ ನೆಡಬೇಕು ಅಂತ ನಿನಗೆ ಗೊತ್ತು.

ನಿನ್ನ ಪರೀಕ್ಷೆ ಸೆಪ್ಟೆಂಬರಿನಲ್ಲಿ ತಾನೇ? ಓದು.

ಜೋಫ್ಕಾ ಅತ್ತೆ


ಸ್ತ್ರಾನೆ, ಮೇ 22

ಘನತೆವೆತ್ತ ನಿವೃತ್ತ ಅತ್ತೆಯವರ ಸನ್ನಿಧಾನಕ್ಕೆ,

ತಾವು ಅಧಿಕಾರ ತ್ಯಜಿಸಿದ ಸುದ್ದಿಯನ್ನು ತೋಟದಲ್ಲಿ ಗಟ್ಟಿಯಾಗಿ ಓದಲಾಯಿತು. ಕೋಬೆ ಟೋಪಿ ತೆಗೆದ. ಹೀಗಾಗಿ ಪೂರ್ಣಾಧಿಕಾರ ನನಗೆ ಬಂದಿದ್ದು, ಕೆಳಕಂಡ ಸುಧಾರಣೆಗಳನ್ನು ತಮ್ಮ ಮಾಹಿತಿಗಾಗಿ ಮಾತ್ರ ತಿಳಿಸಲಾಗಿದೆ. ಉತ್ತರದ ಅಗತ್ಯವಿಲ್ಲ.

ಜುಲೈವರೆಗೆ ಕಾಯುವುದು ಹಳೆಯ ಪದ್ಧತಿ. ನಲವತ್ತೊಂದನ್ನು ಬರುವ ಬುಧವಾರವೇ ಅಗೆಯಲಾಗುವುದು. ಅದಕ್ಕೆ ಇನ್ನು ಹಿಮ ತಗುಲಬಾರದಲ್ಲ, ಆದ್ದರಿಂದ ಗೆಡ್ಡೆಯನ್ನು ಮೊಣಕೈಯುದ್ದ ಆಳದಲ್ಲಿ ಬೆಚ್ಚಗೆ ಹೂಳಲಾಗುವುದು. ಜಾಗ: ಮನೆಯ ಹಿಂದೆ, ಸೂರಿನ ನೀರು ಸುರಿಯುವ ಕಡೆ; ನೀರುಣಿಸುವ ಶ್ರಮ ಉಳಿಯುತ್ತದೆ. ಮೇಲೆ ಕೋಬೆಯ ಕೊಟ್ಟಿಗೆಯ ಹಸಿ ಗೊಬ್ಬರ, ಒಂದು ಬುಟ್ಟಿ. ಅದರ ಮೇಲೆ ದಪ್ಪ ಹುಲ್ಲು, ಮೇಲೆ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ನಾನು ಹೂವಿನ ಚಿತ್ರ ಬರೆಯಬೇಕೆಂದಿದ್ದೇನೆ, ನೋಡುವವರಿಗೆ ಬೇಸರ ಆಗಬಾರದು.

ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಸುಖವಾಗಿ ಪ್ರಯಾಣಿಸಿ.

ಸದಾ ತಮ್ಮ,
ಗಾಶ್ಪರ್


ಚಿಕಿತ್ಸಾಲಯ, ಮೇ 25

ಗಾಶ್ಪರ್!

ಸಲಿಕೆ ಕೆಳಗಿಡು!

ಗೆಡ್ಡೆಯ ಬೆನ್ನಿಗೆ ಬಿಸಿಲು ಬೀಳಬೇಕು, ಬಾತುಕೋಳಿ ನೀರಲ್ಲಿ ಕೂತ ಹಾಗೆ ಅದು ಮಣ್ಣಲ್ಲಿ ಕೂರಬೇಕು ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ? ಹಸಿ ಗೊಬ್ಬರ! ಸೂರಿನ ಕೆಳಗೆ! ನಿನ್ನನ್ನು ಕಾಲೇಜಿಗೆ ಸೇರಿಸಿಕೊಂಡವರು ಯಾರು?

ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಡಾಕ್ಟರ್ ಇನ್ನೊಂದು ವಾರ ಇರಿ ಅಂದರು. ನಿನ್ನ ಕಾಗದ ಓದಿ ಹೇಳಿದೆ, ಸಹಿ ಹಾಕಿದರು. ನಿನ್ನ ಅಪ್ಪನಿಗೂ ಬರೆದಿದ್ದೇನೆ. ಬೀಗದ ಕೈಯನ್ನು ಬಾಗಿಲಲ್ಲೇ ಬಿಡಬೇಕು.

ನಾನು ಪೆದ್ದಿ ಅಂತ ತಿಳಿಯಬೇಡ. ಬೂದಿ ಹಾಕಿ ಗಿಡ ಉಳಿಸಿದವನಿಗೆ ಗೆಡ್ಡೆ ಎಷ್ಟು ಆಳ ನೆಡಬೇಕು ಅಂತ ಗೊತ್ತಿಲ್ಲವಾ? ನೀನು ಬರೆದದ್ದು ಪೂರ್ತಿ ಸುಳ್ಳು, ನನ್ನನ್ನು ಮನೆಗೆ ಎಳೆದು ತರಲು ಹೂಡಿದ ಆಟ ಅಂತ ನನಗೆ ಗೊತ್ತು. ಆದರೆ ಗಾಶ್ಪರ್, ನಿನ್ನ ವಿಷಯದಲ್ಲಿ ಪೂರ್ತಿ ಖಾತ್ರಿ ಅನ್ನುವುದು ಯಾವತ್ತೂ ಇರುವುದಿಲ್ಲ. ರಾತ್ರಿಯೆಲ್ಲ ಆ ಪ್ಲಾಸ್ಟಿಕ್ ಕಣ್ಣ ಮುಂದೆ ಬರುತ್ತೆ.

ಕೋಬೆಗೆ ಹೇಳು, ಬಸ್ ನಿಲ್ಲುವ ಕಡೆ ಟ್ರ್ಯಾಕ್ಟರ್ ತಂದಿರಲಿ. ಹಿಂದಿನ ಗಾಡಿಯಲ್ಲಿ ಅಡುಗೆಮನೆಯ ಕುರ್ಚಿ ಇಟ್ಟು ಹಗ್ಗದಲ್ಲಿ ಕಟ್ಟಲಿ, ಕೈಯಿರುವ ಕುರ್ಚಿ. ಏರಿನಲ್ಲಿ ಮೆಲ್ಲಗೆ ಹೋಗಲಿ. ದಾರಿಯಲ್ಲಿ ನೀವಿಬ್ಬರೂ ನಗಕೂಡದು.

ಜೋಫ್ಕಾ ಅತ್ತೆ